ಗಾಲಿ ಬಿಡದೆ ಇಳಿದದ್ದು

“ಇನ್ನೊಂದು ಸಲ ಮೊದಲಿಂದ ಹೇಳಿ ಮೇಡಂ. ಆಕಾಶದಲ್ಲಿ ಏನು ನೋಡಿದಿರಿ?”

ಸುಭದ್ರಾ ಸೆರಗಿನಿಂದ ಕೈ ಒರೆಸಿಕೊಂಡಳು. ನಾಶಿಕದ ಹೊರಗಿರುವ ವಿಮಾನ ಕಾರ್ಖಾನೆಯ ಈ ಕ್ವಾರ್ಟರ್ಸಿಗೆ ವಾಯುಪಡೆಯಿಂದ ವಿಚಾರಣೆಗೆ ಬಂದ ಮೂರನೆಯ ಅಧಿಕಾರಿ ಇವರು. ಹಿಂದಿನ ಇಬ್ಬರಿಗೆ ಅವಳ ಹಿಂದಿ ಸಾಲದಾಗಿತ್ತೋ ಏನೋ, ಈ ಸಲ ಮೈಸೂರು ಕಡೆಯ ಹೃಷಿಕೇಶ ಅವರನ್ನು ಕಳಿಸಿದ್ದರು.

“ಹೇಳೀನಲ್ರಿ ಸರ್. ಬೆಳ್ಳಗ, ಗುಂಡಗ ಒಂದು. ಸಂಜೀ ಮುಂದ ದಿಂಡೋರಿ ಕಡೆ ದ್ರಾಕ್ಷಿ ತೋಟದ ಮ್ಯಾಲ ಸಾವಕಾಶ ಇಳೀತು. ಸಪ್ಪಳ ಇರಲಿಲ್ಲ. ಇಳಿಯೂ ಮುಂದ ಗಾಲಿ ಕೆಳಗ ಬಿಟ್ಟಿರಲಿಲ್ಲ. ನಮ್ಮ ವಿಮಾನನೇ ಬೀಳ್ಲಿಕತ್ತದ ಅಂತ ಗೇಟಿಗೆ ಫೋನ್ ಮಾಡಿದೆ.”

ಆ ಫೋನಿಗೆ ಸೈರನ್ ಕೂಗಿತ್ತು, ಅಗ್ನಿಶಾಮಕ ಗಾಡಿಗಳು ಓಡಿದ್ದವು. ತೋಟದಲ್ಲಿ ಏನೂ ಸಿಗಲಿಲ್ಲ. ಮರುದಿನವೇ ಅವಳ ಗಂಡ ಶರಣಬಸವನ ಗೇಟ್ ಪಾಸ್ ತಡೆಹಿಡಿದರು. ಅವನು ಹೊಸ ವಿಮಾನಗಳಿಗೆ ಗಾಲಿ ಕೂಡಿಸುವ ತಂತ್ರಜ್ಞ. ವಿಚಾರಣೆ ಮುಗಿಯುವವರೆಗೆ ಮನೆಯಲ್ಲೇ.

“ಮೋಡ ಇದ್ದೀತು ಅಂತ ಹೇಳಿ ಮುಗಿಸಿಬಿಡು ತಾಯಿ,” ಬಾಗಿಲಿಗೆ ಒರಗಿ ನಿಂತಿದ್ದ ಶರಣಬಸವ ಸಿಡುಕಿದ. “ಮನ್ಯಾಗ ಕೂತು ಕೂತು ಸಾಕಾಗ್ಯದ ನನಗ.”

“ಮೋಡ ಅಲ್ರೀ ಅದು. ಏನಂತ ಗೊತ್ತಿಲ್ಲ ಅಂತ ಬೇಕಾದ್ರ ಹೇಳ್ತೀನಿ.”

ಹೃಷಿಕೇಶ ಕೈಯೆತ್ತಿ ಇಬ್ಬರನ್ನೂ ತಡೆದರು. “ಅದು ಏನಾದರೂ ಆಗಲಿ. ವಿಮಾನ ಯಾವಾಗ ಏರುತ್ತೆ, ಯಾವಾಗ ಇಳಿಯುತ್ತೆ ಅಂತ ನೀವು ದಿನಾ ಯಾಕೆ ನೋಡ್ತೀರಿ ಮೇಡಂ? ನೋಡಿ ಅಂತ ಯಾರು ಹೇಳಿದ್ದು ನಿಮಗೆ?”

ಸುಭದ್ರಾಳಿಗೆ ಈಗ ತಿಳಿಯಿತು. ಮೂರು ಸಲವೂ ತನ್ನ ಕೈಯ ಚಹಾ ಕುಡಿದವರು, ಸುದ್ದಿ ಹೊರಗೆ ಕೊಡುವವಳೆಂದು ಅನುಮಾನಿಸುತ್ತಿದ್ದದ್ದು ತನ್ನನ್ನೇ.

“ಯಾರು ಹೇಳಬೇಕ್ರಿ? ಗಾಲಿ ಕೂಡಿಸಿದವರು ನಮ್ಮನಿಯವರು. ಮ್ಯಾಲ ಹೋದದ್ದು ಗಾಲಿ ಬಿಟ್ಟು ನೆಲ ಮುಟ್ಟೂ ತನಕ ನನಗ ತುತ್ತು ಇಳಿಯಂಗಿಲ್ಲ. ಒಳಗ ಒಬ್ಬರು ಕೂತಿರ್ತಾರಲ್ರಿ. ಈ ಕಾಲನಿ ಹೆಣ್ಮಕ್ಕಳಿಗಿ ಯಾರಿಗಿ ಬೇಕಾದ್ರೂ ಕೇಳ್ರಿ.”

“ಅದನ್ನೇ ನಿಲ್ಲಿಸಬೇಕು. ಇನ್ನು ನೋಡಲ್ಲ ಅಂತ ಮಾತು ಕೊಡಿ, ಇವತ್ತೇ ಪಾಸ್ ಬಿಡಿಸ್ತೀನಿ.”

ಅವಳು ಗಂಡನ ಮುಖ ನೋಡಿದಳು. ಆಮೇಲೆ, “ನೋಡಂಗಿಲ್ರಿ,” ಎಂದಳು.

ಅಷ್ಟರಲ್ಲಿ ಕಿಟಕಿಯ ಗಾಜು ನಡುಗಿತು. ಪರೀಕ್ಷೆಗೆ ಏರಿದ್ದ ವಿಮಾನವೊಂದು ಇಳಿಯಲು ತಿರುಗಿ ಬರುತ್ತಿತ್ತು. ಸುಭದ್ರಾ ನೆಲ ನೋಡುತ್ತ ಕುಳಿತಳು. ಹೃಷಿಕೇಶ ಚಹಾದ ಕಪ್ ಕೆಳಗಿಟ್ಟು, ಎದ್ದು ಹೋಗಿ ಕಿಟಕಿಯ ಸರಳು ಹಿಡಿದು ನಿಂತರು.

“ಗಾಲಿ ಬಿಟ್ಟದೇನ್ರಿ ಸರ್?” ಕಣ್ಣೆತ್ತದೆ ಕೇಳಿದಳು.

“ಸ್ವಲ್ಪ ಸುಮ್ಮನಿರಿ,” ಎಂದರು ಅವರು, ತಿರುಗದೆ. “ಇನ್ನೂ ನೆಲ ಮುಟ್ಟಿಲ್ಲ.”