ತಲೆಯಿಲ್ಲದ ಟ್ಯಾಂಕು

ನಮ್ಮೂರಿನ ಬ್ರೂಸ್‌ಪೇಟೆಯ ಅಂಗಡಿಯಲ್ಲಿ ಹೊಸ ಜೀನ್ಸ್ ಬಿಡಿಸಿದರೆ ಸಾಕು, ಅದರ ಗಂಜಿಯ ವಾಸನೆಗೆ ಈಗಲೂ ನನಗೆ ಅಜ್ಜಿಯ ಚಾಪೆ ನೆನಪಾಗುತ್ತದೆ.

ಅಜ್ಜಿ ಮನೆಯಲ್ಲೇ ಚಾಪೆಯ ಮೇಲೆ ಕೂತು, ಹೊಲಿದು ಬಂದ ಜೀನ್ಸ್ ಪ್ಯಾಂಟುಗಳ ಉಳಿದ ದಾರ ಕತ್ತರಿಸುತ್ತಿದ್ದಳು. ಅವಳ ಕುತ್ತಿಗೆ ಹಿಡಿದುಕೊಂಡು ವರ್ಷಗಳಾಗಿದ್ದವು; ಅತ್ತಿತ್ತ ಹೊರಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಪಕ್ಕದಲ್ಲೇ ನಾನೂ ಅಣ್ಣನೂ ರಟ್ಟಿನಲ್ಲಿ ಒಂದೊಂದು ಯುದ್ಧದ ಟ್ಯಾಂಕು ಮಾಡುತ್ತಿದ್ದೆವು. ಮೇಲೆ ತಿರುಗುವ ತಲೆಯಿಟ್ಟರೆ ನನ್ನದು ಮಂಚದ ಕೆಳಗೆ ನುಗ್ಗುತ್ತಿರಲಿಲ್ಲ. ತಲೆ ಕಿತ್ತು, ತೋಪಿನ ಕೊಳವೆಯನ್ನು ಮೈಗೇ ಅಂಟಿಸಿದೆ. ಈಗ ಅದು ಸಲೀಸಾಗಿ ಅಡಗಿತು.

“ಹಿಂದಿನಿಂದ ನಾ ಬಂದ್ರ ಏನ್ ಮಾಡ್ತೀಲೇ?” ಎಂದ ಅಣ್ಣ.

“ಟ್ಯಾಂಕೇ ಪೂರಾ ತಿರಗತೈತಿ.”

“ಅಷ್ಟರೊಳಗ ನಿಂದು ಮುಗದಿರ್ತೈತಿ.”

ಆಗ ಅಜ್ಜಿ ಕತ್ತರಿ ಕೆಳಗಿಟ್ಟು, ಅಂಗೈ ಊರಿ, ತೊಡೆಯ ಮೇಲಿನ ಪ್ಯಾಂಟಿನ ಸಮೇತ ಇಡೀ ಮೈಯನ್ನು ನಮ್ಮತ್ತ ತಿರುಗಿಸಿದಳು.

“ನಂಗೂ ತಿರಗಾಕ ಹೊತ್ತಾಗ್ತೈತಿ. ಆದ್ರ ತಿರಗಿದ ಮ್ಯಾಲ ಪೂರಾ ನಿಮ್ಮ ಕಡೀನ ಇರ್ತೀನಿ.”

ಅಣ್ಣ ತನ್ನ ಟ್ಯಾಂಕಿನ ತಲೆ ಉಳಿಸಿಕೊಂಡ. ಅಜ್ಜಿ ಮತ್ತೆ ದಾರಕ್ಕೆ ಕೈಹಾಕಿದಾಗ ನಾನು ಸುಮ್ಮನೆ ಅವಳ ಬೆನ್ನ ಹಿಂದೆ ಹೋಗಿ, “ಅಜ್ಜಿ” ಎಂದೆ.

ಅವಳು ಕತ್ತರಿ ಕೆಳಗಿಟ್ಟಳು.