ಕಂಪನಿ ಒಪ್ಪದ ಜೋಡಿ

ಕಾರು ಅಂಗಳದಲ್ಲಿ ನಿಂತಾಗ ಉಜ್ವಲಾ ಇನ್ನೂ ಮಹಡಿಯ ಮೇಲಿದ್ದಳು. ಸೀರೆ ಉಟ್ಟಿದ್ದಳು, ಮಲ್ಲಿಗೆ ಮುಡಿದಿದ್ದಳು. ಕಣ್ಣು ಮಾತ್ರ ಕಂಪ್ಯೂಟರಿನ ಪರದೆಯ ಮೇಲಿತ್ತು.

"ಬಂದ್ರವಾ, ಕೆಳಗ ಬಾ," ಎಂದು ತಾಯಿ ಶಿವಗಂಗವ್ವ ಮೆಟ್ಟಿಲ ಬುಡದಿಂದ ಪಿಸುಗುಟ್ಟಿದಳು.

"ಬರಿಯೂದು ನಡದೈತಿ. ಈಗ ಕರೆಂಟ್ ಹೋದ್ರ ಬೋರ್ಡ್ ಸತ್ತಂಗನ. ತಡಿ ಬೇ."

ತಂದೆ ರಾವಸಾಹೇಬರು ಹಣೆ ಒರೆಸಿಕೊಂಡರು. ಉಗಾರ ಬುದ್ರುಕದಲ್ಲಿ ಅವರ ಕಬ್ಬಿಗೆ ಎಷ್ಟು ಹೆಸರೋ, ಮಗಳ ಕಂಪ್ಯೂಟರ್ ಹುಚ್ಚಿಗೂ ಅಷ್ಟೇ ಹೆಸರು. ನಿಪ್ಪಾಣಿ, ಚಿಕ್ಕೋಡಿಯ ಅಂಗಡಿಯವರು ಕೈಚೆಲ್ಲಿದ ಯಂತ್ರಗಳೆಲ್ಲ ಅವಳ ಕೋಣೆಗೆ ಬರುತ್ತಿದ್ದವು. ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್ ಹೊಂದುವುದಿಲ್ಲ, ಬೋರ್ಡನ್ನೂ ಹೊಸದೇ ಕೊಳ್ಳಿ ಎಂದು ಕಂಪನಿ ಹೇಳುತ್ತದೆ. ಉಜ್ವಲಾ ಒಪ್ಪುವುದಿಲ್ಲ. ಯಂತ್ರ ಎದ್ದ ಕೂಡಲೇ ಮೊದಲು ಓದಿಕೊಳ್ಳುವ ಬಯೋಸ್ ಎಂಬ ಬರಹವನ್ನು ಬಿಚ್ಚಿ, ಅದರೊಳಗೆ ಹೊಸ ಪ್ರೊಸೆಸರಿನ ಗುರುತು ಸೇರಿಸಿ, ಬೋರ್ಡಿನ ಚಿಪ್ಪಿಗೆ ಮತ್ತೆ ಬರೆದುಬಿಡುತ್ತಾಳೆ. ಆಮೇಲೆ ಎರಡೂ ತೆಪ್ಪಗೆ ಸಂಸಾರ ಮಾಡುತ್ತವೆ.

ಅವಳದೇ ಸಂಸಾರದ ಮಾತು ಬಂದಾಗ ಮಾತ್ರ ಕೆಲಸ ಕೆಡುತ್ತಿತ್ತು. ಈ ಹುಚ್ಚಿನ ಸುದ್ದಿ ಕೇಳಿಯೇ ಹಿಂದೆ ಬಂದ ಸಂಬಂಧಗಳು ಮುರಿದಿದ್ದವು. ಈ ಸಲ ಅಥಣಿಯ ಮನೆತನ. "ಅವರಿಗೆ ಮನಿ ಹಿಡದ ಇರೂ ಹುಡುಗಿ ಬೇಕ್ರಿ," ಎಂದು ಮಧ್ಯಸ್ಥ ಅಣ್ಣಾಸಾಬ ಮೊದಲೇ ಹೇಳಿದ್ದ. "ಈ ಕೆಲಸ ಬಿಡಿಸೂ ಮನಿಗೆ ನಾ ಹೋಗೂದಿಲ್ಲ," ಎಂದು ಉಜ್ವಲಾ ಅದಕ್ಕೂ ಮೊದಲೇ ಹೇಳಿದ್ದಳು. ಇಬ್ಬರ ನಡುವೆ ಸಿಕ್ಕ ರಾವಸಾಹೇಬರು ತಮಗೆ ತೋಚಿದ ಉಪಾಯ ಮಾಡಿದ್ದರು. ಬಂದವರಿಗೆ ಮಹಡಿ ತೋರಿಸಬಾರದು, ಅಷ್ಟೇ.

ಬಂದವರು ಇಬ್ಬರೇ, ಹಣೆತುಂಬ ವಿಭೂತಿಯ ಸಾವಿತ್ರೆವ್ವ ಮತ್ತು ಅವಳ ಮಗ ಈಶ್ವರ. ಅಥಣಿಯವರು ಕುಡಚಿ ಸೇತುವೆಯ ಕಡೆಯಿಂದ ಯಾಕೆ ಬಂದರೆಂದು ರಾವಸಾಹೇಬರಿಗೆ ಒಂದು ಗಳಿಗೆ ಅನಿಸಿತು. ದಾರಿ ತಪ್ಪಿರಬೇಕು.

"ಉಜ್ವಲಾ ಅವರ ಮನಿ ಇದಾ ಏನ್ರಿ? ನಾವು..."

"ಬರ್ರಿ, ಬರ್ರಿ. ನಿಮ್ಮ ದಾರಿನ ನೋಡಾಕತ್ತಿದ್ವಿ. ಮೊದಲ ಕುಂದರ್ರಿ, ಮಾತು ಆಮ್ಯಾಲೆ."

ಅಣ್ಣಾಸಾಬ ಕಳಿಸಿದ್ದ ಫೋಟೋದಲ್ಲಿ ಹುಡುಗನಿಗೆ ಗಡ್ಡವಿತ್ತು, ಕಪ್ಪು ಕನ್ನಡಕವಿತ್ತು. ಎದುರಿಗೆ ಕೂತವನಿಗೆ ಎರಡೂ ಇರಲಿಲ್ಲ. ಹೆಣ್ಣು ನೋಡಲು ಬರುವಾಗ ಗಡ್ಡ ಬೋಳಿಸಿಕೊಂಡು ಬಂದಿದ್ದಾನೆ, ರೀತಿ ಗೊತ್ತಿರುವ ಹುಡುಗ ಎಂದು ರಾವಸಾಹೇಬರು ಒಳಗೊಳಗೇ ಮೆಚ್ಚಿಕೊಂಡರು.

ಸಾವಿತ್ರೆವ್ವ ನೀರು ಕುಡಿದವಳೇ ಕೇಳಿದಳು, "ಇಲ್ಲೆ ಕರೆಂಟ್ ಹೆಂಗ್ರಿ? ನಡುನಡುವ ಹೋಗ್ತೈತೇನು?"

ಬೀಗತಿ ಮನೆಯ ಅನುಕೂಲ ಅಳೆಯುತ್ತಿದ್ದಾಳೆ. ರಾವಸಾಹೇಬರು ಬೀಗಿದರು. "ಇನ್ವರ್ಟರ್ ಐತ್ರಿ. ಫ್ರಿಜ್ಜೂ ಐತ್ರಿ."

ಮೇಲಿನಿಂದ ಯಂತ್ರದ ಫ್ಯಾನು ಗುಂಯ್ ಎಂದಿತು. ಈಶ್ವರ ತಲೆ ಎತ್ತಿದ. "ಮ್ಯಾಲೆ ಏನ ನಡದೈತ್ರಿ?"

"ಹಿಟ್ಟಿನ ಗಿರಣಿರಿ. ಮಗಳು ಜ್ವಾಳಾ ಬೀಸಾಕತ್ತಾಳ."

ತಾಯಿ ಮಗ ಮುಖ ಮುಖ ನೋಡಿಕೊಂಡರು. ಸುಳ್ಳು ನಡೆಯಿತು ಎಂದು ರಾವಸಾಹೇಬರಿಗೆ ನಿರಾಳವಾಯಿತು.

ಉಜ್ವಲಾ ಅವಲಕ್ಕಿಯ ತಾಟು ಹಿಡಿದು ಬಂದಳು. ಪ್ರೊಸೆಸರಿಗೆ ಹಚ್ಚುವ ಬೂದುಬಣ್ಣದ ಪೇಸ್ಟು ಬೆರಳಿಗೆ ಮೆತ್ತಿಕೊಂಡೇ ಇತ್ತು. ಸಾವಿತ್ರೆವ್ವ ಆ ಬೆರಳು ನೋಡಿದಳು. ರೇಷ್ಮೆ ಸೀರೆ ನೋಡಿದಳು, ಮುಡಿಯ ಮಲ್ಲಿಗೆ ನೋಡಿದಳು, ಬಾಗಿಲಲ್ಲಿ ಕೈಮುಗಿದು ನಿಂತಿದ್ದ ಶಿವಗಂಗವ್ವನನ್ನು ನೋಡಿದಳು. ಗೋಡೆಗೆ ಒರಗಿದ್ದವಳು ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡಳು. ಮಗನನ್ನು ಮೊಣಕೈಯಿಂದ ತಿವಿದಳು.

"ಎಷ್ಟ ಕಲ್ತೀ ಯವ್ವಾ?"

"ಡಿಪ್ಲೊಮಾರಿ."

"ಅಡಿಗಿ?"

"ಹೊಟ್ಟಿ ತುಂಬ್ತೈತ್ರಿ."

ಈಶ್ವರ ನಕ್ಕುಬಿಟ್ಟ. ಹುಡುಗಿಯ ಜೊತೆ ಒಂದೆರಡು ಮಾತಾಡಬೇಕು ಎಂದ. ರಾವಸಾಹೇಬರು ಹಿತ್ತಲು ತೋರಿಸಿದರು. ಅವನು ಅವಳ ಹಿಂದೆಯೇ ಮೆಟ್ಟಿಲು ಹತ್ತಿದ.

ಜನ್ಮದ ಜೋಡಿಯನ್ನು ಚಹಾ ಆರುವುದರೊಳಗೆ ನಿಶ್ಚಯಿಸುವುದು ನಮ್ಮ ಪದ್ಧತಿ. ಇವರ ಚಹಾ ಆರಿ, ಮತ್ತೆ ಕಾಯಿಸಿ, ಮತ್ತೆ ಆರಿತು. ಕೊನೆಗೆ ಮೇಲಿನಿಂದ ಒಂದು ಬೀಪ್ ಕೇಳಿಸಿತು, ಹಿಂದೆಯೇ ಇಬ್ಬರ ನಗು.

"ಅಪ್ಪಾ, ಅವರಿಗೆ ಎಲ್ಲಾ ತೋರಿಸೇನಿ," ಎಂದಳು ಉಜ್ವಲಾ ಇಳಿದು ಬಂದು.

ರಾವಸಾಹೇಬರು ಕಣ್ಣು ಮುಚ್ಚಿದರು. ಈ ಸಂಬಂಧವೂ ಹೋಯಿತು.

"ಅವ್ವಾ, ಆತು," ಈಶ್ವರನ ದನಿಯಲ್ಲಿ ಹುರುಪಿತ್ತು. "ಕಂಪನಿಯವರು ಆಗೂದಿಲ್ಲ ಅಂದಿದ್ದ ಪ್ರೊಸೆಸರ್ ಹಳೀ ಬೋರ್ಡಿನ್ಯಾಗ ಓಡಾಕತ್ತೈತಿ."

ರಾವಸಾಹೇಬರು ಕೈ ಜೋಡಿಸಿದರು. "ಮದಿವಿ ಆದಮ್ಯಾಲ ಇದೆಲ್ಲಾ ಬಿಡ್ತಾಳ್ರಿ. ಜವಾಬ್ದಾರಿ ನಂದು."

"ಬಿಡಿಸಿದ್ರ ಈ ಸಂಬಂಧ ನಮಗ ಬ್ಯಾಡ್ರಿ," ಎಂದಳು ಸಾವಿತ್ರೆವ್ವ. "ಇಂಥಾ ಕೈಗುಣ ಯಾರರ ಬಿಡಿಸ್ತಾರೇನು? ನನ್ನ ಮಗಗ ಹುಡುಗಿ ಒಪ್ಪಿಗಿ, ಅವನ ಮಾರಿ ನೋಡಿದ್ರ ತಿಳೀತೈತಿ. ನಿಮ್ಮ ಮಗಳ್ನ ಕೇಳ್ರಿ."

ಎಂದೂ ನಾಚದ ಉಜ್ವಲಾ ನೆಲ ನೋಡುತ್ತ ಹೂಂ ಅಂದಳು. ಶಿವಗಂಗವ್ವ ಸಕ್ಕರೆ ಡಬ್ಬಿಗೆ ಓಡಿದಳು. ರಾವಸಾಹೇಬರಿಗೆ ಕಣ್ಣು ತುಂಬಿ ಬಂತು. ಮಗಳನ್ನು ಮಗಳಾಗಿಯೇ ಒಪ್ಪುವ ಮನೆ ಸಿಕ್ಕಿತ್ತು, ಅದಕ್ಕಿಂತ ಹೆಚ್ಚು ಅವರು ಏನನ್ನೂ ಬೇಡಿರಲಿಲ್ಲ.

ಎಲ್ಲರ ಬಾಯಿಗೂ ಸಕ್ಕರೆ ಬಿದ್ದಾಗ ಫೋನು ಬಂತು. ಅಣ್ಣಾಸಾಬ.

"ಸಿಟ್ಟಾಗಬ್ಯಾಡ್ರಿ, ರಾವಸಾಹೇಬ್ರ. ಕಾರು ಪಂಕ್ಚರ್ ಆಗೇತಿ. ಹುಡುಗಾ, ಅವರ ಅವ್ವಾ ನನ್ನ ಬಾಜೂಕನ ಅದಾರ. ಇನ್ನೂ ಕಾಗವಾಡದಾಗ ಅದೇವಿ."

ರಾವಸಾಹೇಬರು ಫೋನನ್ನು ಕಿವಿಗೆ ಹಿಡಿದೇ ಮೆಲ್ಲಗೆ ಸಾವಿತ್ರೆವ್ವನ ಕಡೆ ತಿರುಗಿದರು.

"ನಾವು ರಾಯಬಾಗದವ್ರುರಿ," ಎಂದಳು ಅವಳು ಸೊಸೆಯ ಕೈ ಬಿಡದೆ. "ನಮ್ಮ ಕಂಪ್ಯೂಟರ್ ರಿಪೇರಿ ಆಗೇತೇನಂತ ಕೇಳಾಕ ಬಂದಿದ್ವಿ. ಹುಡುಗಿ ತೋರಿಸಿದವ್ರು ನೀವು."