ಮೊದಲ ತಪ್ಪಿನ ಸಾಲು

"ಲಾಗ್ ತುಂಬಿದ್ರೆ ಹಳೇ ಸಂದೇಶ ಅಳಿಸಿ ಹೋಗ್ಲಿ. ಮೊದಲನೇ ತಪ್ಪನ್ನ ಮಾತ್ರ ಬೇರೆ ಕಡೆ ಎತ್ತಿಡ್ಬೇಕಮ್ಮ. ಮಿಕ್ಕಿದ್ದೆಲ್ಲ ಅದರ ಮಕ್ಕಳು."

ಕಂಪ್ಯೂಟರನ್ನು ಒಳಗಿಂದ ನಡೆಸುವ ಕರ್ನಲ್ ಎಂಬ ಮೂಲ ಪ್ರೋಗ್ರಾಮ್ ಬರೆಯುವುದನ್ನು ಅವಳಿಗೆ ಕಲಿಸಿದ ಹಿರಿಯರ ಮೊದಲ ಪಾಠ ಅದು. ಯಂತ್ರದ ಆಗುಹೋಗುಗಳನ್ನು ಸಾಲುಸಾಲಾಗಿ ದಾಖಲಿಸುವ ಲಾಗನ್ನು ಅವಳು ಕಟ್ಟಿದ್ದೂ ಹಾಗೆಯೇ.

ಇಂದು ಗಿರಾಕಿಯ ಸರ್ವರ್‌ಗಳೆಲ್ಲ ನಿಂತುಹೋಗಿದ್ದವು. ಲಾಗ್ ತುಂಬ "ಡಿಸ್ಕ್ ಸರಿಯಿದೆ" ಎಂಬ ಒಂದೇ ಸಾಲು, ಸಾವಿರ ಸಲ.

"ಇವಳ ಲಾಗೇ ಸರಿಯಿಲ್ಲ ಸರ್. ಕಾರಣ ಇನ್ನೆಲ್ಲಿ ಸಿಗುತ್ತೆ?" ಹಿರಿಯರು ಮ್ಯಾನೇಜರ್ ಎದುರು ಕೈಚೆಲ್ಲಿದರು.

ಅವಳು ಬೇರೆ ಕಡೆ ಎತ್ತಿಟ್ಟಿದ್ದ ಸಾಲನ್ನು ತೆರೆದಳು. ತಪ್ಪು ಆ ಹಿರಿಯರೇ ಬರೆದ ಡ್ರೈವರಿನದು, ಡಿಸ್ಕ್ ನಡೆಸುವ ಪ್ರೋಗ್ರಾಮಿನದು.

"ಸರ್, ಇದು ನಿಮ್ದು..."

ಅವರು ಅವಳ ಕಡೆ ಬಾಗಿ ಪಿಸುಗುಟ್ಟಿದರು:

"ಹೋದ ವಾರಾನೇ ಆ ಮೊದಲನೇ ತಪ್ಪು ಎತ್ತಿಡೋದನ್ನ ತೆಗಿ ಅಂದಿದ್ನಲ್ಲಮ್ಮ!"